ಇಂಗ್ಲಿಷ್ ನಾಮಪದಕ್ಕೆ ಯಾವ ಪ್ರಿಪೊಸಿಷನ್? ನಾನು ಕಲಿಸುವ ಬಗೆ

ಸಾಗರದಲ್ಲಿದ್ದೇನೆ, ಬಸ್ಸಿನಲ್ಲಿದ್ದೇನೆ, ಮದುವೆಯಲ್ಲಿದ್ದೇನೆ. ಕನ್ನಡದಲ್ಲಿ ಮೂರಕ್ಕೂ 'ಅಲ್ಲಿ' ಒಂದೇ ಸಾಕು. ಇಂಗ್ಲಿಷಿನಲ್ಲಿ ಅದೇ 'ಇನ್ ಸಾಗರ', 'ಆನ್ ದಿ ಬಸ್', 'ಅಟ್ ಎ ವೆಡ್ಡಿಂಗ್' ಎಂದು ಮೂರು ಕವಲಾಗುತ್ತದೆ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬರುವ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವಾಗ ನಾನು ಅತಿ ಹೆಚ್ಚು ತಿದ್ದುವುದು ಇದನ್ನೇ. ಕಾಲ, ವಚನ ಎಲ್ಲ ಸರಿ ಬರೆಯುವವರೂ ಈ ಸಣ್ಣ ಪದಗಳಲ್ಲಿ, ಅಂದರೆ ಪ್ರಿಪೊಸಿಷನ್‌ಗಳಲ್ಲಿ, ಎಡವುತ್ತಾರೆ.

ಶಾಲೆಯಲ್ಲಿ 'ಇನ್' ಅಂದರೆ ಒಳಗೆ, 'ಆನ್' ಅಂದರೆ ಮೇಲೆ, 'ಫಾರ್' ಅಂದರೆ ಗೋಸ್ಕರ ಎಂದು ಬಾಯಿಪಾಠ ಆಗಿರುತ್ತದೆ. ಪೆಟ್ಟಿಗೆಯ ಒಳಗೆ, ಮೇಜಿನ ಮೇಲೆ ಎನ್ನುವವರೆಗೆ ಅದು ನಡೆಯುತ್ತದೆ. ಬೇಡಿಕೆ, ಆಸಕ್ತಿ, ದೂರು, ಹಾನಿ ಇಂಥ ಪದ ಬಂದಾಗ ಒಳಗೂ ಇಲ್ಲ, ಮೇಲೂ ಇಲ್ಲ. ಅಲ್ಲಿ ಯಾವ ಪ್ರಿಪೊಸಿಷನ್ ಬೇಕು ಎಂದು ತೀರ್ಮಾನಿಸುವುದು ಪಕ್ಕದಲ್ಲಿರುವ ನಾಮಪದ. 'ಡಿಮ್ಯಾಂಡ್' ಬಂದರೆ 'ಫಾರ್', 'ಇಂಟ್ರೆಸ್ಟ್' ಬಂದರೆ 'ಇನ್', 'ಡ್ಯಾಮೇಜ್' ಬಂದರೆ 'ಟು'. ನಮ್ಮಲ್ಲೂ ಹಾಗೇ ಅಲ್ಲವೇ? ಹಾವಿಗೆ ಹೆದರುತ್ತೇವೆ, ಹಾವಿನಿಂದ ತಪ್ಪಿಸಿಕೊಳ್ಳುತ್ತೇವೆ. ಒಂದಕ್ಕೆ 'ಗೆ', ಇನ್ನೊಂದಕ್ಕೆ 'ಇಂದ' ಏಕೆ ಎಂದು ಯಾರೂ ಕೇಳುವುದಿಲ್ಲ.

ಆದ್ದರಿಂದ ನಾನು ಪ್ರಿಪೊಸಿಷನ್ ಪಟ್ಟಿ ಕೊಡುವುದಿಲ್ಲ, ನಾಮಪದದ ನೋಟ್‌ಬುಕ್ ಇಡಿಸುತ್ತೇನೆ. ಉದ್ದ ನೋಟ್‌ಬುಕ್ಕಿನ ಒಂದು ಪುಟಕ್ಕೆ ಐದು ನಾಮಪದ, ಅದಕ್ಕಿಂತ ಹೆಚ್ಚಿಲ್ಲ. ಆಮೇಲೆ ಸೇರಿಸಲು ಜಾಗ ಬೇಕು. ಪ್ರತಿ ನಾಮಪದದ ಮುಂದೆ ಅದಕ್ಕೆ ಹೊಂದುವ ಪ್ರಿಪೊಸಿಷನ್, ನಡುವೆ 'ದಿ' ಅಥವಾ 'ಎ' ಬರುತ್ತದೋ ಇಲ್ಲವೋ, ಅದೇ ಪದ ಕ್ರಿಯಾಪದವಾದರೆ ಏನಾಗುತ್ತದೆ, ಮತ್ತು ತಮ್ಮ ಊರಿನದೇ ಒಂದು ವಾಕ್ಯ. ಪುಸ್ತಕದ ವಾಕ್ಯ ನಕಲು ಮಾಡಲು ಬಿಡುವುದಿಲ್ಲ. ಲಂಡನ್ನಿನ ಸೇತುವೆಗಿಂತ ಗಾಜನೂರಿನ ಡ್ಯಾಮು ಮನಸ್ಸಿನಲ್ಲಿ ನಿಲ್ಲುತ್ತದೆ. ವಾರಕ್ಕೆ ಹತ್ತು ನಾಮಪದ ಸಾಕು. ಇಪ್ಪತ್ತು ಕೊಟ್ಟರೆ ಬರೆದುಕೊಳ್ಳುತ್ತಾರೆ, ಬಾಯಿಗೆ ಬರುವುದಿಲ್ಲ.

ಒಂದು ಪದವನ್ನು ಪೂರ್ತಿ ಬಿಡಿಸಿ ನೋಡೋಣ. 'ಕಂಪ್ಲೇಂಟ್', ಅಂದರೆ ದೂರು. ಯಾರಿಗೆ ಕೊಡುತ್ತೇವೋ ಅಲ್ಲಿ 'ಟು', ಯಾರ ಮೇಲೆ ಕೊಡುತ್ತೇವೋ ಅಲ್ಲಿ 'ಅಗೇನ್ಸ್ಟ್', ಯಾವುದರ ಬಗ್ಗೆಯೋ ಅಲ್ಲಿ 'ಅಬೌಟ್'. ಪಂಚಾಯ್ತಿಗೆ ರಸ್ತೆಯ ಬಗ್ಗೆ ದೂರು ಕೊಟ್ಟರೆ 'ಎ ಕಂಪ್ಲೇಂಟ್ ಟು ದಿ ಪಂಚಾಯತ್ ಅಬೌಟ್ ದಿ ರೋಡ್'. ಗುತ್ತಿಗೆದಾರನ ಮೇಲೆ ಕೊಟ್ಟರೆ 'ಅಗೇನ್ಸ್ಟ್ ದಿ ಕಾಂಟ್ರಾಕ್ಟರ್'. ನಮ್ಮ 'ಮೇಲೆ' ನೋಡಿ 'ಕಂಪ್ಲೇಂಟ್ ಆನ್ ದಿ ಕಾಂಟ್ರಾಕ್ಟರ್' ಎಂದು ಬರೆಯುವವರೇ ಹೆಚ್ಚು. ಅರ್ಜಿಯೂ ಇದೇ ಜಾತಿ: ಯಾರಿಗೆ ಎನ್ನುವುದಕ್ಕೆ 'ಟು', ಯಾವುದಕ್ಕೆ ಎನ್ನುವುದಕ್ಕೆ 'ಫಾರ್'. 'ಆನ್ ಅಪ್ಲಿಕೇಶನ್ ಟು ದಿ ಬ್ಯಾಂಕ್ ಫಾರ್ ಎ ಲೋನ್'. ಪಹಣಿ ನಕಲು, ಜಾತಿ ಪ್ರಮಾಣಪತ್ರ, ರಜೆ, ಎಲ್ಲಕ್ಕೂ ಈ ಒಂದೇ ಅಚ್ಚು ಸಾಕು. ಮಕ್ಕಳಿಗೆ ಮೊದಲು ಉಪಯೋಗಕ್ಕೆ ಬರುವುದೂ ಇದೇ.

ಇನ್ನು 'ಮೇಲೆ'. ಕನ್ನಡದವರಿಗೆ ಇದರಷ್ಟು ಮೋಸ ಮಾಡುವ ಪದ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಬೆಳೆಯ ಮೇಲೆ ಪರಿಣಾಮ ಎಂದರೆ 'ಎಫೆಕ್ಟ್ ಆನ್ ದಿ ಕ್ರಾಪ್', ಇಲ್ಲಿ ಅದೃಷ್ಟಕ್ಕೆ ಹೊಂದುತ್ತದೆ. ಅದೇ ಧೈರ್ಯದಲ್ಲಿ ಮುಂದೆ ಹೋದರೆ ಹಿರಿಯರ ಮೇಲೆ ಗೌರವ 'ರೆಸ್ಪೆಕ್ಟ್ ಫಾರ್', ದೇವರ ಮೇಲೆ ನಂಬಿಕೆ 'ಫೇತ್ ಇನ್', ಖರ್ಚಿನ ಮೇಲೆ ಹಿಡಿತ 'ಕಂಟ್ರೋಲ್ ಓವರ್', ಚಿನ್ನದ ಮೇಲೆ ಸಾಲ 'ಲೋನ್ ಅಗೇನ್ಸ್ಟ್ ಗೋಲ್ಡ್'. ಈ ಐದನ್ನು ಒಂದೇ ಪುಟದಲ್ಲಿ ಬರೆಸಿ, ನೆತ್ತಿಯಲ್ಲಿ 'ಮೇಲೆ' ಎಂದು ಕನ್ನಡದಲ್ಲಿ ದಪ್ಪಗೆ ಹಾಕಿಸುತ್ತೇನೆ. ತಪ್ಪು ಎಲ್ಲಿಂದ ಹುಟ್ಟುತ್ತದೆ ಎನ್ನುವುದು ಕಣ್ಣಿಗೆ ಕಾಣುತ್ತಿರಬೇಕು.

ಕ್ರಿಯಾಪದದ ಕಾಲಂ ಏಕೆ ಎಂದು ಹೇಳುತ್ತೇನೆ, ಇದು ಇಡೀ ಪದ್ಧತಿಯಲ್ಲಿ ಹೆಚ್ಚು ಫಲ ಕೊಡುವ ಜಾಗ. ಇಂಗ್ಲಿಷಿನಲ್ಲಿ ಎಷ್ಟೋ ಪದ ನಾಮಪದವಾದಾಗ ಪ್ರಿಪೊಸಿಷನ್ ಕೇಳುತ್ತದೆ, ಕ್ರಿಯಾಪದವಾದಾಗ ಕೇಳುವುದಿಲ್ಲ. 'ಎ ಡಿಸ್ಕಶನ್ ಅಬೌಟ್ ದಿ ಬಜೆಟ್' ಸರಿ, ಆದರೆ 'ವಿ ಡಿಸ್ಕಸ್ಡ್ ದಿ ಬಜೆಟ್', ಅಲ್ಲಿ 'ಅಬೌಟ್' ಇಲ್ಲ. 'ಎ ರಿಕ್ವೆಸ್ಟ್ ಫಾರ್ ಲೀವ್' ಸರಿ, 'ಐ ರಿಕ್ವೆಸ್ಟ್ ಲೀವ್' ಎನ್ನುವಾಗ 'ಫಾರ್' ಬೇಡ. 'ಎಂಫಸಿಸ್ ಆನ್' ಉಂಟು, 'ಎಂಫಸೈಸ್ ಆನ್' ಇಲ್ಲ. 'ನೀಡ್ ಫಾರ್ ವಾಟರ್', ಆದರೆ 'ವಿ ನೀಡ್ ವಾಟರ್'. 'ಲ್ಯಾಕ್ ಆಫ್ ಬಸಸ್', ಆದರೆ 'ದಿ ವಿಲೇಜ್ ಲ್ಯಾಕ್ಸ್ ಬಸಸ್'. 'ಎ ವಿಸಿಟ್ ಟು ಜೋಗ್', ಆದರೆ 'ವಿ ವಿಸಿಟೆಡ್ ಜೋಗ್'. 'ಡಿಸ್ಕಸ್ ಅಬೌಟ್' ಎಂದು ಬರೆಯುವವರು ದಡ್ಡರಲ್ಲ. ನಾಮಪದದ ಬಾಲವನ್ನು ಕ್ರಿಯಾಪದಕ್ಕೂ ಕಟ್ಟಿರುತ್ತಾರೆ, ಜೊತೆಗೆ ಕನ್ನಡದ 'ಬಗ್ಗೆ ಚರ್ಚಿಸಿದೆವು' ಅದಕ್ಕೆ ಒತ್ತಾಸೆ ಕೊಡುತ್ತದೆ. ಎರಡನ್ನೂ ಒಂದರ ಕೆಳಗೆ ಒಂದು ಬರೆಸಿದರೆ ಈ ತಪ್ಪು ಬೇಗ ಬಿಡುತ್ತದೆ.

ಅಡಿಕೆ ಧಾರಣೆ ಗೊತ್ತಿಲ್ಲದ ಮನೆ ನಮ್ಮ ಕಡೆ ಕಡಿಮೆ, ಹಾಗಾಗಿ 'ರೈಸ್' ಪದವನ್ನು ಅದರಲ್ಲೇ ಕಲಿಸುತ್ತೇನೆ. ಯಾವುದು ಏರಿತೋ ಅದಕ್ಕೆ 'ಇನ್', ಎಷ್ಟು ಏರಿತೋ ಅದಕ್ಕೆ 'ಆಫ್', ಎಲ್ಲಿಗೆ ಮುಟ್ಟಿತೋ ಅದಕ್ಕೆ 'ಟು'. ರಾಶಿ ಎಂಬ ಬಗೆಯ ಅಡಿಕೆ ಕ್ವಿಂಟಲಿಗೆ 500 ರೂಪಾಯಿ ಏರಿತು ಎನ್ನೋಣ: 'ಎ ರೈಸ್ ಆಫ್ 500 ರುಪೀಸ್ ಇನ್ ದಿ ಪ್ರೈಸ್ ಆಫ್ ರಾಶಿ'. ಕ್ರಿಯಾಪದ ಮಾಡಿದರೆ 'ಆಫ್' ಹೋಗಿ 'ಬೈ' ಬರುತ್ತದೆ: 'ದಿ ಪ್ರೈಸ್ ರೋಸ್ ಬೈ 500 ರುಪೀಸ್'. 'ಫಾಲ್', 'ಇನ್‌ಕ್ರೀಸ್', 'ಡ್ರಾಪ್' ಎಲ್ಲ ಇದೇ ದಾರಿಯಲ್ಲಿ ನಡೆಯುತ್ತವೆ. ಕೊಳೆರೋಗ ಬಂದ ವರ್ಷದ ಮಾತಿಗೆ 'ಡ್ಯಾಮೇಜ್ ಟು ದಿ ಕ್ರಾಪ್', ಮದ್ದಿಗೆ 'ಎ ರೆಮಿಡಿ ಫಾರ್', ಸಮಸ್ಯೆಯ ಪರಿಹಾರಕ್ಕೆ ಮಾತ್ರ 'ಎ ಸಲ್ಯೂಷನ್ ಟು'. ಕೊನೆಯ ಎರಡನ್ನು ಅದಲುಬದಲು ಮಾಡುವವರು ಬಹಳ.

ವಾಹನಗಳದ್ದು ಸುಲಭ. ಎದ್ದು ಓಡಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ 'ಆನ್'. ಕೂತೇ ಇರಬೇಕಾದ ಕಾರು, ಜೀಪು, ಆಟೋಗೆ 'ಇನ್'. ಕಾಲು ಆಚೀಚೆ ಹಾಕಿ ಕೂರುವ ಬೈಕು, ಸೈಕಲ್ಲಿಗೆ ಮತ್ತೆ 'ಆನ್'. ಯಾವುದರಲ್ಲಿ ಬಂದೆ ಎಂದಷ್ಟೇ ಹೇಳುವಾಗ 'ಬೈ ಬಸ್', 'ಬೈ ಕಾರ್'. ಆಗ ನಡುವೆ 'ದಿ', 'ಮೈ' ಏನೂ ಬರುವುದಿಲ್ಲ. 'ಮೈ' ಬೇಕೇ ಬೇಕೆಂದರೆ 'ಬೈ' ಬಿಟ್ಟು 'ಇನ್ ಮೈ ಕಾರ್'. ಬೆಳಗಿನ ಎಂಟೂವರೆ ಬಸ್ಸು ಎಂದು ಗೊತ್ತುಮಾಡಿ ಹೇಳುವಾಗ 'ಆನ್ ದಿ ಏಯ್ಟ್ ಥರ್ಟಿ ಬಸ್'. ನಡೆದು ಬಂದರೆ 'ಆನ್ ಫುಟ್', 'ಬೈ ವಾಕ್' ಅಲ್ಲ.

ಸ್ಥಳದ ವಿಷಯದಲ್ಲಿ ನಮ್ಮ ಕಡೆಯ ನಕ್ಷೆಯೊಂದೇ ಸಾಕು. ವಿಸ್ತಾರವೆಂದು ಕಂಡರೆ 'ಇನ್', ಗೆರೆಗೆ ತಾಗಿದ್ದರೆ 'ಆನ್', ಚುಕ್ಕಿಯೆಂದು ಕಂಡರೆ 'ಅಟ್'. ಆಗುಂಬೆ 'ಇನ್ ತೀರ್ಥಹಳ್ಳಿ ತಾಲೂಕ್'. ಶಿವಮೊಗ್ಗ 'ಆನ್ ದಿ ತುಂಗಾ': ಊರು ನೀರಿನ ಮೇಲಿಲ್ಲ, ಆದರೆ ನದಿ ಗೆರೆ, ಊರು ಅದಕ್ಕೆ ತಾಗಿದೆ. ತುಂಗಾ ಭದ್ರಾ ಸೇರುವುದು 'ಅಟ್ ಕೂಡ್ಲಿ'. ಒಂದೇ ಊರು ಎರಡೂ ಆಗಬಹುದು. ಬೀರೂರಿನಲ್ಲಿ ಮನೆ ಇದ್ದರೆ 'ಇನ್ ಬೀರೂರು', ರೈಲು ಬದಲಿಸುವ ಜಂಕ್ಷನ್ ಆದರೆ 'ಅಟ್ ಬೀರೂರು'. ವಿಳಾಸ ಹೇಳುವಾಗ 'ಎದುರು' ಕೈಕೊಡುತ್ತದೆ. ರಸ್ತೆಯ ಆಚೆ ಬದಿಯಾದರೆ 'ಆಪೋಸಿಟ್ ದಿ ಬಸ್ ಸ್ಟ್ಯಾಂಡ್', ಅದೇ ಬದಿಯಲ್ಲಿ ಮುಂಭಾಗವಾದರೆ 'ಇನ್ ಫ್ರಂಟ್ ಆಫ್'. 'ನಿಯರ್' ಜೊತೆ 'ಟು' ಸೇರಿಸಬೇಕಿಲ್ಲ.

ಸಮಯದಲ್ಲಿ ಒಂದೇ ಗಂಟು ಬಿಡಿಸಿದರೆ ಸಾಕು. ಐದು ವರ್ಷದಿಂದ, 2015ರಿಂದ, ಕನ್ನಡಕ್ಕೆ ಎರಡೂ 'ಇಂದ'. ಇಂಗ್ಲಿಷಿನಲ್ಲಿ ಶುರುವಾದ ಬಿಂದುವಿಗೆ 'ಸಿನ್ಸ್ 2015', ಕಳೆದ ಅವಧಿಗೆ 'ಫಾರ್ ಫೈವ್ ಇಯರ್ಸ್'. ಜೊತೆಗೆ ಕ್ರಿಯಾಪದ 'ಹ್ಯಾವ್ ಬೀನ್' ಆಗಬೇಕು. 'ಐ ಆಮ್ ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್' ಎಂಬ ವಾಕ್ಯದಲ್ಲಿ ತಪ್ಪು ಎರಡು ಕಡೆ ಇದೆ.

ಕೇಳಿ ಕೇಳಿ ಕಲಿಯುತ್ತಾರೆ ಎನ್ನುವವರಿಗೆ ಒಂದು ಮಾತು. ಇಂಗ್ಲಿಷ್ ಮಾತಾಡುವವರು ಒತ್ತು ಕೊಡುವುದು ನಾಮಪದಕ್ಕೆ. 'ಅಟ್', 'ಟು', 'ಫಾರ್' ಎಲ್ಲ ಸ್ವರ ಕುಗ್ಗಿ ಪಕ್ಕದ ಪದಕ್ಕೆ ಅಂಟಿಕೊಳ್ಳುತ್ತವೆ. 'ಇಂಟ್ರೆಸ್ಟ್ ಇನ್' ಕಿವಿಗೆ 'ಇಂಟ್ರೆಸ್ಟಿನ್' ಎಂದೇ ಬೀಳುತ್ತದೆ. ನಾವು ಪ್ರತಿ ಅಕ್ಷರವನ್ನೂ ಪೂರ್ತಿ ಉಚ್ಚರಿಸುವ ಭಾಷೆಯವರು, ಆದ್ದರಿಂದ ಅದು ನಮ್ಮ ಕಿವಿಗೆ ದಕ್ಕುವುದು ಕಷ್ಟ. ಮೊದಲು ಬರಹದಲ್ಲಿ ಕಂಡಿರಬೇಕು, ಆಮೇಲೆ ಕಿವಿ ಹಿಡಿಯುತ್ತದೆ. ಅದಕ್ಕೇ ನೋಟ್‌ಬುಕ್ಕಿನ ಜೋಡಿಯನ್ನು ಒಂದೇ ಉಸಿರಿನಲ್ಲಿ, ಒಂದೇ ಪದವೆಂಬಂತೆ ಜೋರಾಗಿ ಹೇಳಿಸುತ್ತೇನೆ: 'ರೀಸನ್‌ಫರ್', 'ಆನ್ಸರ್‌ಟು', 'ಡಿಫರೆನ್ಸ್‌ಬಿಟ್ವೀನ್'.

ಅನುಮಾನ ಬಂದಾಗ ಕನ್ನಡ ಅರ್ಥ ಕೊಡುವ ನಿಘಂಟು ಹೆಚ್ಚು ಸಹಾಯ ಮಾಡುವುದಿಲ್ಲ. ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು ತೆಗೆದು ನಾಮಪದವನ್ನು ಹುಡುಕಿ, ಪ್ರಿಪೊಸಿಷನ್ನನ್ನಲ್ಲ. ಪದದ ಪಕ್ಕದಲ್ಲೋ ಉದಾಹರಣೆಗಳಲ್ಲೋ ಜೋಡಿ ದಪ್ಪಕ್ಷರದಲ್ಲಿರುತ್ತದೆ. ಮೊಬೈಲಿನಲ್ಲಿ ಹುಡುಕುವುದಾದರೆ ಎರಡೂ ಪದಗಳನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ. ಸಿಕ್ಕ ಪುಟಗಳ ಸಂಖ್ಯೆ ನಂಬಬೇಡಿ, ವಾಕ್ಯಗಳನ್ನು ಓದಿ. 'ಡಿಸ್ಕಸ್ ಅಬೌಟ್' ಕೂಡ ಬೇಕಾದಷ್ಟು ಸಿಗುತ್ತದೆ.

ಪತ್ರ ಬರೆದು ಮುಗಿಸಿದ ಮೇಲೆ ನಾಮಪದಗಳಿಗೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಪ್ರತಿಯೊಂದರ ಹಿಂದೆ ಮುಂದೆ ಒಂದೊಂದು ಪದ ನೋಡಿ, ನೋಟ್‌ಬುಕ್ಕಿನಲ್ಲಿ ಇರುವ ಜೋಡಿಯೇ ಎಂದು ತಾಳೆ ಹಾಕಿ. ಇಲ್ಲದ್ದು ಸಿಕ್ಕರೆ ಅದೇ ಆ ವಾರದ ಹತ್ತರಲ್ಲಿ ಮೊದಲನೆಯದು.