‘ಘಟಶ್ರಾದ್ಧ’ವನ್ನು ಮೊದಲ ಸಲ ನೋಡುವವರಿಗೆ

ಈ ಚಿತ್ರವನ್ನು ರಾತ್ರಿ ಊಟ ಮುಗಿಸಿ, ಮಲಗುವ ಮುಂಚೆ ಹಾಕಿಕೊಳ್ಳಬೇಡಿ. ಭಾನುವಾರ ಮಧ್ಯಾಹ್ನವೇ ಕೂತುಬಿಡಿ. ನೋಡಿ ಎದ್ದ ಮೇಲೆ ಹೊರಗೆ ಒಂದು ಸುತ್ತು ಹೋಗಿ ಬರಬೇಕು ಅನ್ನಿಸುತ್ತದೆ, ಅಷ್ಟು ಹೊತ್ತು ಬೆಳಕಿರಲಿ. ಕಿಟಕಿಯ ಪರದೆ ಎಳೆದುಕೊಳ್ಳಿ. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪಿನ ಛಾಯಾಗ್ರಹಣ ಫೋನಿನ ಪರದೆಯಲ್ಲಿ ಏನೂ ದಕ್ಕುವುದಿಲ್ಲ.

ಮೊದಲೇ ತಿಳಿದಿರಬೇಕಾದದ್ದು ಸ್ವಲ್ಪವೇ. 1977ರ ಚಿತ್ರ, ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ಕಥೆ ಅನಂತಮೂರ್ತಿಯವರದು. ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ, ಆ ವರ್ಷದ ಸ್ವರ್ಣಕಮಲ, ಇದಕ್ಕೇ ಬಂತು. ಮಲೆನಾಡಿನ ಅಗ್ರಹಾರದಲ್ಲಿ ಉಡುಪರ ವೇದಪಾಠಶಾಲೆ, ವಿಧವೆಯಾದ ಅವರ ಮಗಳು ಯಮುನಕ್ಕ, ಓದಲು ಬಂದ ಪುಟ್ಟ ಹುಡುಗ ನಾಣಿ. ಬದುಕಿರುವವರನ್ನೇ ಸತ್ತರೆಂದು ಎಣಿಸಿ ಶ್ರಾದ್ಧ ಮಾಡಿ, ಜಾತಿಯಿಂದ ಹೊರಗಿಡುವ ವಿಧಿಯೊಂದಿತ್ತು, ಅದೇ ಘಟಶ್ರಾದ್ಧ ಎಂಬುದು ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಹೇಳಿ ಕೂರಿಸಿ. ಉಳಿದ ಕಥೆ ಯಾರಿಂದಲೂ ಕೇಳಬೇಡಿ.

ಇನ್ನು ನೋಡುವಾಗ ನಾಣಿಯ ಕೈ ಬಿಡಬೇಡಿ. ನನ್ನ ಅಣ್ಣನ ಮಗಳಿಗೆ ತೋರಿಸಿದಾಗ ಅವಳು ನಡುವೆ ತಡೆದು, “ಅತ್ತೆ, ಆ ಮೇಷ್ಟ್ರು ಯಾರು, ಯಾಕೆ ಸರಿಯಾಗಿ ಹೇಳ್ತಾನೇ ಇಲ್ಲ?” ಅಂದಳು. “ನಾಣಿಗೆ ಎಷ್ಟು ಗೊತ್ತೋ ಸದ್ಯಕ್ಕೆ ನಿನಗೂ ಅಷ್ಟೇ ಸಾಕು” ಅಂದೆ. ದೊಡ್ಡವರ ಗುಟ್ಟು, ಪಿಸುಮಾತು, ಹಿರಿಯ ವಿದ್ಯಾರ್ಥಿಗಳ ಕಾಟ, ಎಲ್ಲವೂ ಆ ಹುಡುಗನಿಗೆ ಅರೆಬರೆಯಾಗಿಯೇ ತಲುಪುತ್ತದೆ. ಯಮುನಕ್ಕ ಹುತ್ತದೊಳಗೆ ಕೈ ಹಾಕುವ ದೃಶ್ಯ ಬರುತ್ತದಲ್ಲ, ಅಲ್ಲಿ ಅವಳಿಗೇನಾಗುತ್ತಿದೆ ಎಂದು ನಮಗೆ ಗೊತ್ತು. ಅವನಿಗೆ ಗೊತ್ತಿರುವುದು ತನಗೆ ಅಕ್ಕರೆ ತೋರಿದ ಒಬ್ಬಳೇ ಒಬ್ಬಳು ಕೈ ತಪ್ಪಿ ಹೋಗುತ್ತಿದ್ದಾಳೆ ಎಂದಷ್ಟೆ. ಆ ಪಾತ್ರಕ್ಕೆ ಅಜಿತ್ ಕುಮಾರ್‌ಗೆ ಬಾಲನಟನ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

ಕಿವಿಯೂ ತೆರೆದಿರಲಿ. ಬಿ.ವಿ. ಕಾರಂತರ ಸಂಗೀತ ಎಲ್ಲೆಂದರಲ್ಲಿ ತುಂಬಿಕೊಳ್ಳುವುದಿಲ್ಲ, ಬಹಳಷ್ಟು ಹೊತ್ತು ಬಿಟ್ಟುಕೊಟ್ಟು ಸುಮ್ಮನಿರುತ್ತದೆ. ಗರ್ಭಪಾತದ ರಾತ್ರಿ ವಾದ್ಯದ ಬಡಿತ ಏರುವಾಗ ಮಾತ್ರ ವಾಲ್ಯೂಮ್ ಇಳಿಸಬೇಡಿ. ಹಾಗಂತ ಅಂಥ ನೋವು ಉಂಡವರನ್ನು ಮುಂಚೆ ತಿಳಿಸದೆ ಈ ಚಿತ್ರದ ಮುಂದೆ ಕೂರಿಸುವುದೂ ತಪ್ಪು.

ಉಡುಪರ ಮೇಲೆ ಸಿಟ್ಟು ಬರುತ್ತದೆ, ಬರಲಿ. ಆದರೆ ಅವರನ್ನು ಖಳನಾಯಕ ಮಾಡಿ ಮುಗಿಸಿಬಿಟ್ಟರೆ ಚಿತ್ರ ಅರ್ಧಕ್ಕೇ ನಿಲ್ಲುತ್ತದೆ. ಅವರ ಸುತ್ತ ನಿಂತು ಶಾಸ್ತ್ರ ಹೇಳುವವರ ಮುಖಗಳನ್ನೂ ನೋಡಿ.

ಹಳೆಯ ಚಿತ್ರಗಳನ್ನು ಕಾಪಾಡುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇತರರ ಜೊತೆಗೂಡಿ ಪುನರುಜ್ಜೀವಗೊಳಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ನಿಮ್ಮೂರಿನ ಉತ್ಸವಕ್ಕೆ ಅದು ಬಂದರೆ ರಜೆ ಹಾಕಿಯಾದರೂ ಹೋಗಿ. ಮನೆಯಲ್ಲೇ ನೋಡುವುದಾದರೆ ಹಿರಿಯರಿದ್ದರೆ ಜೊತೆಗೆ ಕರೆಯಿರಿ. ತಲೆ ಬೋಳಿಸಿ ಕೆಂಪು ಸೀರೆ ಉಟ್ಟ ಮಡಿ ಅಜ್ಜಿಯರ ನಡುವೆ ಬೆಳೆದವರು ಇನ್ನೂ ಇದ್ದಾರೆ. ಚಿತ್ರ ಮುಗಿದ ಮೇಲೆ ಅವರನ್ನು ಮಾತಾಡಲು ಬಿಡಿ.