ಒಂದೇ ದಾರಿ, ಎರಡು ಕಾರು

ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟರ್, ದೊಡ್ಡ ಬ್ಯಾಟರಿ ಎರಡೂ ಇರುವ ಹೈಬ್ರಿಡ್ ಕಾರು ಮನೆಗೆ ಬಂದ ಮೇಲೂ ಹಳೆಯ ಪೆಟ್ರೋಲ್ ಕಾರನ್ನು ಕೂಡಲೇ ಮಾರಲಿಲ್ಲ. ತಮ್ಮನಿಗೆ ಕೊಡುವುದೆಂದು ಮಾತಾಗಿತ್ತು. ಅವನು ಬಂದು ಒಯ್ಯುವಷ್ಟರಲ್ಲಿ ಹನ್ನೊಂದು ತಿಂಗಳು ಕಳೆಯಿತು. ಅಷ್ಟೂ ದಿನ ಒಂದು ವಾರ ಇದು, ಇನ್ನೊಂದು ವಾರ ಅದು ಎಂದು ಎರಡನ್ನೂ ಅದೇ ಆಫೀಸಿನ ದಾರಿಯಲ್ಲಿ ಓಡಿಸಿದೆ. ಎರಡರದ್ದೂ 1.5 ಲೀಟರ್ ಎಂಜಿನ್, ಹೆಚ್ಚುಕಡಿಮೆ ಒಂದೇ ಗಾತ್ರ. ಒಂದೊಂದರಲ್ಲೂ ಒಂದು ಚಿಕ್ಕ ನೋಟ್‌ಬುಕ್ ಇಟ್ಟಿದ್ದೆ.

ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ಬರೆದುಕೊಂಡೆ, ಆದರೆ ನಂಬಲಿಲ್ಲ. ಬಂಕಿನಲ್ಲಿ ನಳಿಕೆ ತಾನಾಗಿ 'ಟಕ್' ಎಂದು ನಿಂತ ಮೇಲೆ ಒಂದು ಹನಿಯೂ ಹೆಚ್ಚು ಹಾಕಿಸದೆ ಕಿಲೋಮೀಟರ್ ಬರೆದುಕೊಳ್ಳುವುದು, ಮುಂದಿನ ಸಲ ಅದೇ ಪಂಪಿನಲ್ಲಿ ಮತ್ತೆ ಹಾಗೆಯೇ ತುಂಬಿಸಿ ಭಾಗಿಸುವುದು. ಒಂದು ಟ್ಯಾಂಕಿನ ಲೆಕ್ಕ ಹಿಡಿದುಕೊಂಡು ವಾದ ಮಾಡುವವರನ್ನು ಕಂಡರೆ ನನಗೆ ನಗು. ಐದಾರು ಟ್ಯಾಂಕು ಕೂಡಿಸಿದ ಮೇಲೆಯೇ ಅಂಕಿ ಒಂದು ಕಡೆ ನಿಲ್ಲುವುದು. ಹೈಬ್ರಿಡ್‌ನ ಪರದೆ 21.7 ಎಂದು ಜಂಬ ಕೊಚ್ಚುತ್ತಿದ್ದಾಗ ನನ್ನ ಲೆಕ್ಕದಲ್ಲಿ ಬಂದದ್ದು 20.6.

ಆಫೀಸಿನ ದಾರಿ 18 ಕಿ.ಮೀ., ಹೆಜ್ಜೆಗೊಂದು ಸಿಗ್ನಲ್. ಅಲ್ಲಿ ಹಳೆಯ ಕಾರು ಲೀಟರಿಗೆ 11.8 ಕೊಟ್ಟರೆ ಹೈಬ್ರಿಡ್ 20.6. ಹೆದ್ದಾರಿಯಲ್ಲಿ ಗಂಟೆಗೆ ನೂರರ ಆಸುಪಾಸಿನಲ್ಲಿ ಹಳೆಯದು 17.5, ಹೈಬ್ರಿಡ್ 20.2. ಹೈಬ್ರಿಡ್‌ಗೆ ಊರಾದರೇನು, ಹೆದ್ದಾರಿಯಾದರೇನು, ಎರಡೂ ಒಂದೇ. ಹಳೆಯದಕ್ಕೆ ಊರೆಂದರೆ ಶಿಕ್ಷೆ.

ಈ ಅಂಕಿಗಳನ್ನು ತಿರುಗಿಸಿ ಹಾಕಿದಾಗಲೇ ನನಗೆ ವಿಷಯ ಹೊಳೆದದ್ದು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುವುದು ನಮ್ಮ ರೂಢಿ. ಆದರೆ ಜೇಬಿನಿಂದ ಹೋಗುವುದು ಲೀಟರ್, ಕಿಲೋಮೀಟರ್ ಅಲ್ಲ. ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ನೋಡಿದರೆ ಊರೊಳಗೆ ಹಳೆಯ ಕಾರು ಕುಡಿದದ್ದು 8.47, ಹೈಬ್ರಿಡ್ 4.85, ಉಳಿತಾಯ 3.62 ಲೀಟರ್. ಹೆದ್ದಾರಿಯಲ್ಲಿ 5.71ರ ಎದುರು 4.95; ಉಳಿದದ್ದು ಮುಕ್ಕಾಲು ಲೀಟರ್. ಅಂದರೆ ಊರಿನ ನೂರು ಕಿಲೋಮೀಟರಿನಲ್ಲಿ ಉಳಿಯುವಷ್ಟನ್ನು ಹೆದ್ದಾರಿಯಲ್ಲಿ ಉಳಿಸಬೇಕಾದರೆ 470 ಕಿಲೋಮೀಟರ್ ಓಡಿಸಬೇಕು!

ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆಗುವುದರಿಂದಲೇ ಇಷ್ಟೆಲ್ಲ ಉಳಿತಾಯ ಎಂದು ನಾನೂ ಅಂದುಕೊಂಡಿದ್ದೆ. ನಿಂತ ಜಾಗದಲ್ಲಿ ಎಂಜಿನ್ ಓಡುತ್ತಿದ್ದರೆ ಹಳೆಯ ಕಾರು ಗಂಟೆಗೆ ಸುಮಾರು 0.8 ಲೀಟರ್ ಸುಡುತ್ತದೆ. ಹೋಗಿಬರುವಾಗ ನಾನು ನಿಂತಿರುತ್ತಿದ್ದದ್ದು ಒಟ್ಟು 25 ನಿಮಿಷ. ಅಲ್ಲಿಗೆ ದಿನಕ್ಕೆ ಮೂರನೇ ಒಂದು ಲೀಟರ್. ಆದರೆ ದಿನದ ಉಳಿತಾಯ 1.3 ಲೀಟರ್! ಉಳಿದ ಒಂದು ಲೀಟರ್ ಎಲ್ಲಿಂದ ಬಂತು?

ಬ್ರೇಕಿನಿಂದ. 1,300 ಕಿಲೋ ತೂಕದ ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದಾಗ ಅದರೊಳಗಿನ ಚಲನಶಕ್ತಿ ಸುಮಾರು 125 ಕಿಲೋಜೌಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ 32,000 ಕಿಲೋಜೌಲ್ ಇದ್ದರೂ ಊರಿನ ಓಡಾಟದಲ್ಲಿ ಚಕ್ರಕ್ಕೆ ತಲುಪುವುದು ಐದರಲ್ಲಿ ಒಂದು ಪಾಲು ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಸೊನ್ನೆಯಿಂದ ಐವತ್ತಕ್ಕೆ ಏರುವುದಕ್ಕೆ ಸುಮಾರು 20 ಮಿಲಿಲೀಟರ್, ನಾಲ್ಕು ಚಹಾ ಚಮಚದಷ್ಟು ಪೆಟ್ರೋಲ್ ಬೇಕು. ಬ್ರೇಕ್ ತುಳಿದರೆ ಅಷ್ಟೂ ಬಿಸಿಯಾಗಿ ಗಾಳಿಗೆ. ಹೈಬ್ರಿಡ್‌ನಲ್ಲಿ ಬ್ರೇಕ್ ಹಗುರಾಗಿ ಒತ್ತಿದಾಗ ಮೋಟರೇ ಜನರೇಟರ್ ಆಗಿ ಅದರಲ್ಲೊಂದು ದೊಡ್ಡ ಪಾಲನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತದೆ. ದಿನಕ್ಕೆ ನಲವತ್ತು ಸಲ ಹೀಗಾದರೆ?

ಇನ್ನೊಂದು ಪಾಲು ಎಂಜಿನ್ನಿನದ್ದು. ಪೆಟ್ರೋಲ್ ಎಂಜಿನ್ ಕಡಿಮೆ ಭಾರಕ್ಕೆ ದುಡಿಯುವಾಗಲೇ ಅತಿ ಸೋಮಾರಿ. ತೆವಳುವ ಟ್ರಾಫಿಕ್‌ನಲ್ಲಿ ಅದರದ್ದು ಬರೀ ದಂಡದ ಖರ್ಚು. ಹೈಬ್ರಿಡ್ ಆ ಹೊತ್ತನ್ನು ಮೋಟರಿಗೆ ಬಿಟ್ಟುಕೊಟ್ಟು, ಎಂಜಿನ್ನನ್ನು ಅದು ಚೆನ್ನಾಗಿ ದುಡಿಯುವ ಭಾರದಲ್ಲಿ ಮಾತ್ರ ಎಬ್ಬಿಸುತ್ತದೆ. ಜೊತೆಗೆ ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಅಟ್ಕಿನ್‌ಸನ್ ಮಾದರಿಯ ಎಂಜಿನ್: ಗಾಳಿಯನ್ನು ಒಳಗೆ ಬಿಡುವ ವಾಲ್ವು ತಡವಾಗಿ ಮುಚ್ಚುತ್ತದೆ, ಎಳೆತ ಸ್ವಲ್ಪ ಕಡಿಮೆ, ಇಂಧನದ ಬಳಕೆ ಚೊಕ್ಕ. ಎಳೆತದ ಕೊರತೆಯನ್ನು ಮೋಟರ್ ತುಂಬುತ್ತದೆ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಮೊದಲ ಟೊಯೊಟಾ ಪ್ರಿಯಸ್‌ನಲ್ಲೂ ಇದೇ ಹಂಚಿಕೆ ಇತ್ತು.

ಹೆದ್ದಾರಿಯಲ್ಲಿ ಬ್ರೇಕಿಗೆ ಕೆಲಸವೇ ಇಲ್ಲ, ಹಾಗಾಗಿ ವಾಪಸ್ ಪಡೆಯಲು ಏನೂ ಇಲ್ಲ. ಅಲ್ಲಿ ಕಾಟ ಕೊಡುವುದು ಗಾಳಿ. ವೇಗ ಏರಿದಂತೆ ಗಾಳಿಯ ತಡೆ ಅದರ ವರ್ಗದಂತೆ ಏರುತ್ತದೆ. 80ರಿಂದ 110ಕ್ಕೆ ಹೋದರೆ ಅದು ಹತ್ತಿರ ಹತ್ತಿರ ಎರಡರಷ್ಟು. ಅದಕ್ಕೆ ಯಾವ ಬ್ಯಾಟರಿಯೂ ಮದ್ದಲ್ಲ.

ನಾನು ಮಾಡಿದ ದಡ್ಡತನವನ್ನೂ ಹೇಳಿಬಿಡುತ್ತೇನೆ. ಮೊದಲ ಎರಡು ತಿಂಗಳು ಎಂಜಿನ್ ನಿಂತು ಬರೀ ಮೋಟರಿನಲ್ಲಿ ಓಡುವಾಗ ಪರದೆಯ ಮೇಲೆ ಹೊತ್ತುವ ಹಸಿರು 'ಇವಿ' ದೀಪ ಆರಬಾರದು ಎಂಬ ಹಟ. ಆಕ್ಸಿಲರೇಟರ್ ಮೇಲೆ ಮೊಟ್ಟೆ ಇಟ್ಟವನ ಹಾಗೆ ಕಾಲಿಟ್ಟು ಆಮೆಯಂತೆ ಹೋಗುತ್ತಿದ್ದೆ, ಹಿಂದಿನವರು ಹಾರ್ನ್ ಹೊಡೆದು ಶಪಿಸುತ್ತಿದ್ದರು. ಮೈಲೇಜ್ 18 ದಾಟಲಿಲ್ಲ. ಬ್ಯಾಟರಿಯಲ್ಲಿರುವ ವಿದ್ಯುತ್ತೂ ಕೊನೆಗೆ ಪೆಟ್ರೋಲಿನದ್ದೇ ತಾನೆ? ಬ್ಯಾಟರಿ ಬರಿದಾದೊಡನೆ ಎಂಜಿನ್ ಎದ್ದು ಅದನ್ನು ತುಂಬುತ್ತದೆ; ತುಂಬುವಾಗ ಒಂದಿಷ್ಟು ನಷ್ಟ, ತೆಗೆಯುವಾಗ ಇನ್ನೊಂದಿಷ್ಟು. ಆಮೇಲೆ ಬೇಕಾದ ವೇಗಕ್ಕೆ ಸಹಜವಾಗಿ ಏರಿ, ಸಿಗ್ನಲ್ ದೂರದಲ್ಲಿ ಕಂಡೊಡನೆ ಬ್ರೇಕನ್ನು ಬೇಗ, ಹಗುರಾಗಿ, ಉದ್ದಕ್ಕೆ ಒತ್ತುವುದನ್ನು ರೂಢಿ ಮಾಡಿಕೊಂಡೆ. ಜೋರಾಗಿ ತುಳಿದರೆ ಕೆಲಸ ಮಾಮೂಲಿ ಬ್ರೇಕ್ ಪ್ಯಾಡಿಗೆ ಹೋಗುತ್ತದೆ, ವಾಪಸ್ ಬರುವುದು ಕಡಿಮೆ. ಅಂದಹಾಗೆ ನನ್ನ ಹಳೆಯ ಕಾರು 40,000 ಕಿ.ಮೀ.ಗೆ ಮುಂದಿನ ಪ್ಯಾಡ್ ಕೇಳಿತ್ತು. ಹೈಬ್ರಿಡ್ 60,000 ದಾಟಿದರೂ ಮೊದಲಿನದ್ದೇ ಇದೆ.

ಎರಡು ಕಿಲೋಮೀಟರಿನ ಓಡಾಟಕ್ಕೂ ಇದನ್ನೇ ತೆಗೆಯುವವರಿಗೆ ಒಂದು ಮಾತು. ತಣ್ಣಗಿರುವ ಎಂಜಿನ್ ಮೊದಲು ತನ್ನನ್ನೂ ಹೊಗೆಕೊಳವೆಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಬಿಸಿ ಮಾಡಿಕೊಳ್ಳಬೇಕು, ಬ್ಯಾಟರಿ ತುಂಬಿದ್ದರೂ ಅಷ್ಟು ಹೊತ್ತು ಓಡುತ್ತದೆ. ಬರೀ ಸಣ್ಣ ಓಡಾಟವೇ ಇದ್ದ ಒಂದು ತಿಂಗಳು ನನಗೆ 14ಕ್ಕಿಂತ ಮೇಲೆ ಬರಲಿಲ್ಲ.

ತೊಂದರೆ ಎರಡು ಸಲ ಕೊಟ್ಟಿತು. ಮೂರು ವಾರ ನಿಲ್ಲಿಸಿ ಹೋಗಿದ್ದೆ, ಬಂದು ಬಟನ್ ಒತ್ತಿದರೆ ಜೀವವೇ ಇಲ್ಲ. ದೊಡ್ಡ ಬ್ಯಾಟರಿ ತುಂಬಿಯೇ ಇತ್ತು. ಸತ್ತದ್ದು 12 ವೋಲ್ಟಿನ ಚಿಕ್ಕದು. ಕಂಪ್ಯೂಟರುಗಳನ್ನು ಎಬ್ಬಿಸಿ, ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್ಚು, ಅಂದರೆ ರಿಲೇ, ಹಾಕುವುದು ಅದೇ. ಬೀಗದಕೈ ಕಳೆದುಹೋದ ಕಣಜದ ಮುಂದೆ ಹಸಿದು ನಿಂತ ಹಾಗಾಯಿತು ನನ್ನ ಸ್ಥಿತಿ. ಪಕ್ಕದವರ ಕಾರಿನಿಂದ ಕೇಬಲ್ ಹಾಕಿ ಎಬ್ಬಿಸಿದೆ.

ಎರಡನೆಯದು ಸಿಟ್ಟು ಬರುವಂಥದ್ದು. ಹಿಂದಿನ ಸೀಟಿನ ಕೆಳಗೆ ಫ್ಯಾನ್ ಜೋರಾಗಿ ಗುಂಯ್‌ಗುಡಲು ಶುರುವಾಗಿ ಎಚ್ಚರಿಕೆಯ ದೀಪ ಹೊತ್ತಿತು. ಒಂದು ಗ್ಯಾರೇಜಿನವರು ಐದೇ ನಿಮಿಷ ನೋಡಿ "ಬ್ಯಾಟರಿ ಹೋಗಿದೆ ಸಾರ್, ಪೂರ್ತಿ ಬದಲಾಯಿಸಬೇಕು" ಎಂದರು. ಮನೆಗೆ ಬಂದು ಮಾಲೀಕರ ಕೈಪಿಡಿ ತೆರೆದರೆ ಬ್ಯಾಟರಿ ತಂಪಾಗಿಸುವ ಗಾಳಿಕಿಂಡಿಗೆ ಒಂದು ಫಿಲ್ಟರ್ ಇದೆ ಎಂದಿತ್ತು. ತೆಗೆದು ನೋಡಿದೆ: ಬೂದು ಬಣ್ಣದ ಕಂಬಳಿಯಂತೆ ಧೂಳು, ನಾಯಿಕೂದಲು. ಬ್ರಶ್‌ನಿಂದ ಸ್ವಚ್ಛ ಮಾಡಿ ಹಾಕಿದೆ. ಫ್ಯಾನಿನ ಸದ್ದು ಅಡಗಿತು, ದೀಪ ಆರಿತು. ಆದರೆ ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಮಾತ್ರ ಕೈ ಹಾಕಬೇಡಿ, ಅದು ಹೈ ವೋಲ್ಟೇಜ್.

ಹಿಂಬಾಗಿಲ ಮೇಲೆ 'ಹೈಬ್ರಿಡ್' ಎಂದು ಬರೆದಿದೆ ಎಂದು ಮರುಳಾಗುವುದೂ ಬೇಡ. ಎಂಜಿನ್ ನಿಂತಿರುವಾಗ ಮೋಟರ್ ಒಂದೇ ಕಾರನ್ನು ಓಡಿಸುತ್ತದೆಯೇ ಎಂದು ಕೇಳಿ. ಸಾಮಾನ್ಯವಾಗಿ ಮೈಲ್ಡ್ ಹೈಬ್ರಿಡ್‌ಗೆ ಅದು ಆಗುವುದಿಲ್ಲ, ಅದು ಎಂಜಿನ್ನಿಗೆ ಚೂರು ಕೈ ಆಸರೆ ಕೊಡುತ್ತದೆ ಅಷ್ಟೇ. ನನ್ನ ಅಂಕಿಗಳು ಅದಕ್ಕೆ ಹೊಂದುವುದಿಲ್ಲ.

ಹೆಚ್ಚು ಕೊಟ್ಟ ಹಣ ಯಾವಾಗ ವಾಪಸ್ ಎಂಬ ಪ್ರಶ್ನೆಗೆ ನಾನು ಹಣವನ್ನೂ ಲೀಟರಿಗೆ ಇಳಿಸಿದೆ. ಎರಡು ಕಾರಿನ ಬೆಲೆಯ ಅಂತರವನ್ನು ಒಂದು ಲೀಟರ್ ಪೆಟ್ರೋಲಿನ ಬೆಲೆಯಿಂದ ಭಾಗಿಸಿದರೆ ನನಗೆ ಬಂದದ್ದು 2,600 ಲೀಟರ್. ವರ್ಷಕ್ಕೆ ಊರೊಳಗೆ 9,000, ಹೆದ್ದಾರಿಯಲ್ಲಿ 5,000 ಕಿ.ಮೀ. ಓಡಿಸುವ ನನಗೆ ಉಳಿಯುವುದು ಸುಮಾರು 364 ಲೀಟರ್. ಏಳು ವರ್ಷ ಬೇಕು. ಅದೇ 14,000 ಕಿಲೋಮೀಟರನ್ನು ಪೂರ್ತಿ ಹೆದ್ದಾರಿಯಲ್ಲೇ ಓಡಿಸಿದ್ದರೆ 24 ವರ್ಷ.

ಕೊನೆಗೂ ಕಾರು ಒಯ್ಯಲು ಬಂದ ತಮ್ಮ ಹೈಬ್ರಿಡ್‌ನಲ್ಲಿ ಒಂದು ಸುತ್ತು ಹೊಡೆದು, "ಅಣ್ಣ, ಆ ಹಳೆಯದು ನೀನೇ ಇಟ್ಕೋ, ನಾನೂ ಇಂಥದ್ದೇ ತಗೋತೀನಿ" ಎಂದ. "ತಗೋ, ಆದ್ರೆ ಒಂದು ವಾರ ಇದನ್ನೇ ಓಡಿಸಿ, ದಿನಕ್ಕೆ ಎಷ್ಟು ಸಲ ಬ್ರೇಕ್ ಹಾಕ್ತೀಯ ಬರೆದು ಕಳಿಸು" ಎಂದು ಹಳೆಯದರ ಕೀ ಕೊಟ್ಟೆ. ಅವನ ಕೆಲಸದ ದಾರಿ 55 ಕಿ.ಮೀ., ಬಹುಪಾಲು ಹೆದ್ದಾರಿ. ಆರನೇ ದಿನ ಸಂದೇಶ ಬಂತು: ಹೋಗುವಾಗ ಐದು, ಬರುವಾಗ ನಾಲ್ಕು. ಹಳೆಯ ಕಾರು ಈಗ ಅವನ ಹತ್ತಿರವೇ ಇದೆ.