ಪಿಪ್ ಎಷ್ಟು ಬಂದೀತು? ಫಾರಂ ತುಂಬುವ ಮೊದಲು ಮನೆಯಲ್ಲೇ ಲೆಕ್ಕ ಹಾಕಿ

ದೀರ್ಘ ಕಾಯಿಲೆ, ಅಂಗವೈಕಲ್ಯ ಇರುವವರಿಗೆ ಬ್ರಿಟನ್ ಸರಕಾರ ಕೊಡುವ ನೆರವಿನ ಹಣ ಪಿಪ್. ಅಲ್ಲಿ ನೆಲೆಸಿದ ನಮ್ಮವರ ಪಿಪ್ ಅರ್ಜಿ ಕೆಡಲು ಒಂದೇ ಮಾತು ಸಾಕು: ‘ಹೇಗೋ ಮಾಡ್ಕೊಳ್ತೀನಿ.’ ಬೆರಳು ಸೊಟ್ಟಗಾಗಿ ಕುಕ್ಕರ್ ಮುಚ್ಚಳ ತೆಗೆಯಲಾಗದವರೂ ಅಡುಗೆ ಮಾಡ್ತೀರಾ ಎಂದು ಕೇಳಿದರೆ ‘ಮಾಡ್ತೀನಿ’ ಅನ್ನುತ್ತಾರೆ. ಸೊನ್ನೆ ಅಂಕ ಬೀಳುತ್ತದೆ. ಪಿಪ್, ಅಂದರೆ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್, ಕಾಯಿಲೆಯ ಹೆಸರಿಗೆ ಸಿಗುವ ಹಣವಲ್ಲ. ಆ ಕಾಯಿಲೆಯಿಂದ ದಿನನಿತ್ಯದ ಯಾವ ಕೆಲಸ ಎಷ್ಟು ಕೆಟ್ಟಿದೆ ಎಂಬುದಕ್ಕೆ ಅಂಕ, ಅಂಕಕ್ಕೆ ತಕ್ಕ ಹಣ. ಅಂಕಪಟ್ಟಿ ಕಾನೂನಿನಲ್ಲೇ ಇದೆ, ಗುಟ್ಟೇನಿಲ್ಲ. ಆದ್ದರಿಂದ ಎಷ್ಟು ಬಂದೀತೆಂಬ ಅಂದಾಜು ಮನೆಯಲ್ಲೇ ಹಾಕಬಹುದು.

ಹೆಜ್ಜೆ 1: ಬಾಗಿಲು ತೆರೆದಿದೆಯೇ?

16 ದಾಟಿರಬೇಕು, ಸರಕಾರಿ ಪಿಂಚಣಿಯ ವಯಸ್ಸು ಮುಟ್ಟಿರಬಾರದು. ತೊಂದರೆ ಶುರುವಾಗಿ 3 ತಿಂಗಳಾಗಿರಬೇಕು, ಮುಂದೆ ಇನ್ನೂ 9 ತಿಂಗಳು ಇರುವಂಥದ್ದಾಗಿರಬೇಕು. ಹಿಂದಿನ 3 ವರ್ಷಗಳಲ್ಲಿ ಕನಿಷ್ಠ 2 ವರ್ಷ ಬ್ರಿಟನ್ನಿನಲ್ಲೇ ವಾಸವಿರಬೇಕು. ಕೆಲಸಕ್ಕೆ ಹೋಗುತ್ತಿದ್ದರೂ ಅಡ್ಡಿಯಿಲ್ಲ. ಸಂಬಳ, ಉಳಿತಾಯ, ಗಂಡ ಅಥವಾ ಹೆಂಡತಿಯ ಆದಾಯ ಯಾವುದನ್ನೂ ನೋಡುವುದಿಲ್ಲ. ಬಂದ ಹಣಕ್ಕೆ ತೆರಿಗೆಯೂ ಇಲ್ಲ.

ವೀಸಾದವರು ಇಲ್ಲಿ ನಿಲ್ಲಬೇಕು. ನಿಮ್ಮ ಇ-ವೀಸಾದಲ್ಲಿ ‘ನೋ ಪಬ್ಲಿಕ್ ಫಂಡ್ಸ್’ (ಸರಕಾರಿ ನೆರವಿನ ಹಣ ಪಡೆಯುವಂತಿಲ್ಲ) ಎಂದಿದ್ದರೆ ಪಿಪ್ ಆ ನಿಷೇಧದ ಪಟ್ಟಿಯಲ್ಲಿ ಬರುತ್ತದೆ. ಸುಮ್ಮನೆ ಒಂದು ಅರ್ಜಿ ಹಾಕಿ ನೋಡೋಣ ಎಂದು ಹೊರಟರೆ ವೀಸಾದ ಷರತ್ತನ್ನೇ ಮುರಿದಂತಾದೀತು. ಐಎಲ್‌ಆರ್ (ಕಾಯಂ ವಾಸದ ಅನುಮತಿ) ಅಥವಾ ಪೌರತ್ವ ಸಿಕ್ಕವರಿಗೆ ಈ ತಡೆ ಸಾಮಾನ್ಯವಾಗಿ ಇರುವುದಿಲ್ಲ. ಅನುಮಾನವಿದ್ದರೆ ಮೊದಲು ವಲಸೆ ಕಾನೂನು ಬಲ್ಲವರನ್ನು ಕೇಳಿ. ವಾಟ್ಸ್‌ಆ್ಯಪ್ ಗುಂಪನ್ನು ಕೇಳಬೇಡಿ.

16ರೊಳಗಿನ ಮಕ್ಕಳಿಗೆ ಡಿಎಲ್‌ಎ (ಡಿಸೆಬಿಲಿಟಿ ಲಿವಿಂಗ್ ಅಲೋವೆನ್ಸ್), ಪಿಂಚಣಿ ವಯಸ್ಸಿನ ಮೇಲೆ ಹೊಸದಾಗಿ ಕೇಳುವವರಿಗೆ ಅಟೆಂಡೆನ್ಸ್ ಅಲೋವೆನ್ಸ್. ಎರಡರಲ್ಲೂ ಅಂಕದ ಲೆಕ್ಕವಿಲ್ಲ, ಎರಡನೆಯದರಲ್ಲಿ ಓಡಾಟದ ಹಣವೂ ಇಲ್ಲ. ಸ್ಕಾಟ್ಲೆಂಡಿನಲ್ಲಿ ಪಿಪ್ ಬದಲು ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್ ಇದೆ. ಅರ್ಜಿ ಹಾಕುವ ದಾರಿ ಬೇರೆ, ಅಂಕಪಟ್ಟಿ ಬಹುಮಟ್ಟಿಗೆ ಇದೇ.

ಹೆಜ್ಜೆ 2: ದರ ಬರೆದಿಟ್ಟುಕೊಳ್ಳಿ

ಪಿಪ್‌ನಲ್ಲಿ ಎರಡು ಭಾಗ: ಡೇಲಿ ಲಿವಿಂಗ್ (ದಿನನಿತ್ಯದ ಕೆಲಸ) ಮತ್ತು ಮೊಬಿಲಿಟಿ (ಓಡಾಟ). ಪ್ರತಿಯೊಂದರಲ್ಲೂ 8ರಿಂದ 11 ಅಂಕಕ್ಕೆ ಸ್ಟ್ಯಾಂಡರ್ಡ್ ದರ, 12 ಮತ್ತು ಮೇಲ್ಪಟ್ಟರೆ ಎನ್‌ಹಾನ್ಸ್ಡ್, ಅಂದರೆ ಹೆಚ್ಚಿನ ದರ. 7 ಬಂದರೆ ಏನೂ ಇಲ್ಲ. ಒಂದು ಭಾಗದ ಅಂಕವನ್ನು ಇನ್ನೊಂದಕ್ಕೆ ಕೂಡಿಸುವಂತಿಲ್ಲ. 2025–26ರ ವಾರದ ದರ ಹೀಗಿದೆ:

ಡೇಲಿ ಲಿವಿಂಗ್: ಸ್ಟ್ಯಾಂಡರ್ಡ್ 73.90 ಪೌಂಡ್, ಎನ್‌ಹಾನ್ಸ್ಡ್ 110.40 ಪೌಂಡ್.
ಮೊಬಿಲಿಟಿ: ಸ್ಟ್ಯಾಂಡರ್ಡ್ 29.20 ಪೌಂಡ್, ಎನ್‌ಹಾನ್ಸ್ಡ್ 77.05 ಪೌಂಡ್.

ಪ್ರತಿ ಏಪ್ರಿಲ್‌ನಲ್ಲಿ ದರ ಬದಲಾಗುತ್ತದೆ. ನೀವು ಲೆಕ್ಕ ಹಾಕುವ ವರ್ಷದ ದರವನ್ನು ಸರಕಾರದ ಜಾಲತಾಣದಲ್ಲಿ ನೋಡಿ ಇಲ್ಲಿ ಕೂರಿಸಿ. ಹಣ ಖಾತೆಗೆ ಬೀಳುವುದು 4 ವಾರಕ್ಕೊಮ್ಮೆ, ತಿಂಗಳಿಗಲ್ಲ.

ಹೆಜ್ಜೆ 3: ಡೇಲಿ ಲಿವಿಂಗ್ ಅಂಕ

ಜನ ಎಡವುವುದು ಇಲ್ಲೇ. ಚಟುವಟಿಕೆಗಳು ಹತ್ತು: ಅಡುಗೆ, ತಿನ್ನುವುದು-ಕುಡಿಯುವುದು, ಔಷಧ ಮತ್ತು ಚಿಕಿತ್ಸೆ, ಸ್ನಾನ, ಶೌಚ, ಬಟ್ಟೆ ತೊಡುವುದು, ಮಾತು, ಓದು, ಜನರೊಂದಿಗೆ ಬೆರೆಯುವುದು, ಹಣದ ನಿರ್ಧಾರ. ಒಂದೊಂದರ ಕೆಳಗೂ ಮೆಟ್ಟಿಲುಗಳಿವೆ. ಅಡುಗೆಯನ್ನೇ ತೆಗೆದುಕೊಳ್ಳಿ. ಯಾರ ನೆರವೂ ಬೇಡ ಎಂದರೆ 0. ಸಾಧನ ಬೇಕು, ಮೈಕ್ರೋವೇವ್‌ನಲ್ಲಿ ಮಾತ್ರ ಆಗುತ್ತದೆ, ಅಥವಾ ಯಾರಾದರೂ ಮಾಡು ಮಾಡು ಎಂದು ಹೇಳುತ್ತಿರಬೇಕು ಎಂದರೆ 2. ಒಬ್ಬರು ಪಕ್ಕದಲ್ಲಿ ನಿಂತು ನೋಡಿಕೊಳ್ಳಬೇಕು ಅಥವಾ ಕೈಜೋಡಿಸಬೇಕು ಎಂದರೆ 4. ಅಡುಗೆ ಆಗುವುದೇ ಇಲ್ಲ ಎಂದರೆ 8.

ಮೊದಲ ನಿಯಮ: ಒಂದು ಚಟುವಟಿಕೆಯಲ್ಲಿ ಹಲವು ಮೆಟ್ಟಿಲು ಹೊಂದಿದರೂ ಸಿಗುವುದು ಒಂದರ ಅಂಕ ಮಾತ್ರ, ಅದರಲ್ಲಿ ದೊಡ್ಡದು. ಸ್ನಾನಕ್ಕೆ ಸ್ಟೂಲು ಬೇಕು (2), ತಲೆಗೆ ನೀರು ಹಾಕಿ ತೊಳೆಯಲು ಮಗಳು ಬೇಕು (2), ಟಬ್ಬಿಗೆ ಇಳಿಯಲು ಹತ್ತಲು ಕೈ ಹಿಡಿಯಬೇಕು (3). ಇವನ್ನು ಕೂಡಿ 7 ಎಂದು ಹಿಗ್ಗುವವರಿದ್ದಾರೆ. ಸಿಗುವುದು 3.

ಎರಡನೆಯದು, ‘ಆಗುತ್ತದೆ’ ಎಂಬುದರ ಅರ್ಥ. ಕಾನೂನಿನ ಪ್ರಕಾರ ಒಂದು ಕೆಲಸ ‘ಆಗುತ್ತದೆ’ ಎನ್ನಬೇಕಾದರೆ ನಾಲ್ಕೂ ಸರಿಯಿರಬೇಕು. ಅಪಾಯವಿಲ್ಲದೆ ಆಗಬೇಕು. ಒಪ್ಪುವಷ್ಟು ಚೆನ್ನಾಗಿ ಆಗಬೇಕು. ಎಷ್ಟು ಸಲ ಬೇಕೋ ಅಷ್ಟು ಸಲವೂ ಆಗಬೇಕು. ಆರೋಗ್ಯವಂತರು ತೆಗೆದುಕೊಳ್ಳುವ ಗರಿಷ್ಠ ಸಮಯದ ಎರಡು ಪಟ್ಟು ಮೀರದೆ ಆಗಬೇಕು. ಒಂದು ತಪ್ಪಿದರೂ ಆ ಕೆಲಸ ಆಗುವುದಿಲ್ಲ ಎಂದೇ ಲೆಕ್ಕ. ಹುರುಳಿಕಾಯಿ ಹೆಚ್ಚಲು ಮುಕ್ಕಾಲು ಗಂಟೆ, ಗಂಜಿ ಬಸಿಯುವಾಗ ಪಾತ್ರೆ ಜಾರಿ ಕೈ ಸುಟ್ಟದ್ದು ಎರಡು ಸಲ, ಬೆಳಗಿನ ತಿಂಡಿ ಮಾಡಿದರೆ ಮಧ್ಯಾಹ್ನಕ್ಕೆ ಮಲಗಲೇಬೇಕು: ಇದು ‘ಮಾಡ್ಕೊಳ್ತೀನಿ’ ಅಲ್ಲ, 4 ಅಂಕದ ಉತ್ತರ.

ಅಪಾಯ ಎಂದರೆ ದಿನಾ ಆಗುವ ಅಪಘಾತವೇ ಆಗಬೇಕಿಲ್ಲ. ಫಿಟ್ಸ್ ತಿಂಗಳಿಗೊಮ್ಮೆ ಬಂದರೂ ಅದು ಬಿಸಿ ಎಣ್ಣೆಯ ಮುಂದೆ ಬಂದರೆ ಏನಾಗುತ್ತದೆ ಎಂಬುದೂ ತೂಕಕ್ಕೆ ಬರುತ್ತದೆ. ಯಾವ ದಿನ ಬರುತ್ತದೋ ಗೊತ್ತಿಲ್ಲವಾದರೆ ಪಕ್ಕದಲ್ಲಿ ಒಬ್ಬರು ಬೇಕಾದದ್ದು ಪ್ರತಿದಿನವೂ.

ಅಡುಗೆ ಎಂದರೆ ಹಬ್ಬದಡುಗೆಯಲ್ಲ ಎಂಬುದೂ ತಿಳಿದಿರಲಿ. ಒಬ್ಬರಿಗೆ ಸಾಕಾಗುವ, ತಾಜಾ ಪದಾರ್ಥದ ಒಂದು ಸರಳ ಊಟ, ಅದೂ ಸೊಂಟದ ಎತ್ತರಕ್ಕೆ ಅಥವಾ ಮೇಲೆ ಇರುವ ಒಲೆಯಲ್ಲಿ. ನೆಲಕ್ಕೆ ಕೂತು ರೊಟ್ಟಿ ತಟ್ಟಲಾಗದು, ಬಗ್ಗಿ ಓವನ್ನಿಂದ ತೆಗೆಯಲಾಗದು ಎಂದು ಬರೆದರೆ ಅಂಕ ಸಿಗದು.

ಮೂರನೆಯದು ದಿನಗಳ ಲೆಕ್ಕ. ಒಂದು ಮೆಟ್ಟಿಲು ನಿಮಗೆ ಹೊಂದಬೇಕಾದರೆ ಅದು ಅರ್ಧಕ್ಕಿಂತ ಹೆಚ್ಚು ದಿನ ನಿಜವಿರಬೇಕು. ವಾರಕ್ಕೆ 4 ದಿನ ಎಂದರೆ ಆಯಿತು, 3 ದಿನ ಎಂದರೆ ಆಗಲಿಲ್ಲ. ಆದರೆ ಇದಕ್ಕೊಂದು ಒಳದಾರಿಯಿದೆ. ವಾರದಲ್ಲಿ 3 ದಿನ ಅಡುಗೆಯೇ ಆಗುವುದಿಲ್ಲ (8), 2 ದಿನ ಇನ್ನೊಬ್ಬರ ಕೈ ಬೇಕು (4), 2 ದಿನ ಸಾಧನದಿಂದ ಆಗುತ್ತದೆ (2) ಎಂದಿಟ್ಟುಕೊಳ್ಳಿ. ಯಾವುದೂ ಒಂಟಿಯಾಗಿ ಅರ್ಧ ದಾಟಲಿಲ್ಲ, ಹಾಗಾಗಿ 0 ಎಂದು ಬಿಟ್ಟುಕೊಡುವವರೇ ಹೆಚ್ಚು. ಮೂರೂ ಸೇರಿ ಅರ್ಧ ದಾಟಿದವಲ್ಲ? ಆಗ ಹೆಚ್ಚು ದಿನ ಇರುವ ಮೆಟ್ಟಿಲಿನ ಅಂಕ ಸಿಗುತ್ತದೆ. ಅದು 3 ದಿನದ್ದು, 8 ಅಂಕ. ಒಂದೇ ಚಟುವಟಿಕೆಯಲ್ಲಿ ಸ್ಟ್ಯಾಂಡರ್ಡ್ ದರ ಬಂತು.

ಇದು ನೆನಪಿನಿಂದ ಬರೆಯುವ ಸಂಗತಿಯಲ್ಲ. ಎರಡು ವಾರ ಡೈರಿ ಇಡಿ. ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು: ಅಡ್ಡಕ್ಕೆ ದಿನ, ಉದ್ದಕ್ಕೆ ಹತ್ತು ಚಟುವಟಿಕೆ, ಚೌಕದಲ್ಲಿ ‘ತಾನೇ’, ‘ಸಾಧನ’, ‘ಹೇಳಬೇಕಾಯಿತು’, ‘ಕೈ ಹಿಡಿದರು’, ‘ಆಗಲಿಲ್ಲ’ ಇವುಗಳಲ್ಲಿ ಒಂದು. ಬೆಳಗ್ಗೆ ಎರಡು ಗಂಟೆ ಕಾಲ ಕೀಲು ಹಿಡಿದು ಬಟ್ಟೆ ಹಾಕಲಾಗದೆ ಆಮೇಲೆ ಸಡಿಲವಾಯಿತೆಂದರೂ ಆ ದಿನ ಲೆಕ್ಕಕ್ಕೆ ಬರುತ್ತದೆ. ಬಟ್ಟೆ ಹಾಕಬೇಕಿದ್ದದ್ದು ಬೆಳಗ್ಗೆ ತಾನೆ.

ನಮ್ಮವರು ಪದೇ ಪದೇ ತಪ್ಪುವ ಕೆಲವು ಜಾಗಗಳಿವೆ. ಸಕ್ಕರೆ ಕಾಯಿಲೆಯವರು ದಿನಕ್ಕೆ ನಾಲ್ಕು ಸಲ ಇನ್ಸುಲಿನ್, ಆರು ಸಲ ರಕ್ತ ಪರೀಕ್ಷೆ ಎಂದು ಗಂಟೆಗಟ್ಟಲೆ ಚಿಕಿತ್ಸೆ ತೋರಿಸುತ್ತಾರೆ. ಔಷಧ ಮತ್ತು ತಪಾಸಣೆಗೆ ನೆರವು ಬೇಕಾದರೆ ಸಿಗುವುದು 1 ಮಾತ್ರ. ವಾರಕ್ಕೆ ಇಷ್ಟು ಗಂಟೆ ಎಂದು 2ರಿಂದ 8ರವರೆಗೆ ಏರುವ ಅಂಕ ಮನೆಯಲ್ಲಿ ಮಾಡುವ ಡಯಾಲಿಸಿಸ್, ಹೇಳಿಕೊಟ್ಟ ಫಿಸಿಯೊ ಇಂಥ ಥೆರಪಿಗೆ, ಅದೂ ಇನ್ನೊಬ್ಬರ ನೆರವು ಬೇಕಾದ ಗಂಟೆಗಳಿಗೆ. ಓದು ಮತ್ತು ಮಾತಿನ ಅಂಕವನ್ನು ಇಂಗ್ಲಿಷ್ ಬಾರದೆಂದು ಕೇಳುವವರೂ ಇದ್ದಾರೆ. ನೋಡುವುದು ಮಾತೃಭಾಷೆಯ ಸಾಮರ್ಥ್ಯವನ್ನು. ಅಮ್ಮ ಕನ್ನಡ ಪೇಪರು ಸಲೀಸಾಗಿ ಓದುವವರಾದರೆ 0. ಪಾರ್ಶ್ವವಾಯು ಹೊಡೆದ ಮೇಲೆ ಕನ್ನಡ ಅಕ್ಷರವೂ ಗುರುತು ಸಿಗುತ್ತಿಲ್ಲವಾದರೆ ಅಂಕ ಇದೆ. ಬಟ್ಟೆಯ ವಿಷಯದಲ್ಲಿ ಉಲ್ಟಾ: ಬಟನ್ ಬೇಡವೆಂದು ನೈಟಿಗೆ ಇಳಿದವರು ‘ನಾನೇ ಹಾಕ್ಕೊಳ್ತೀನಿ’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಅಳೆಯಬೇಕಾದದ್ದು ಸಂದರ್ಭಕ್ಕೆ, ತಮ್ಮ ಸಂಸ್ಕೃತಿಗೆ ಒಗ್ಗುವ ಮಾಮೂಲಿ ಉಡುಪನ್ನು, ಕಾಲುಚೀಲ ಮತ್ತು ಶೂ ಸೇರಿಸಿ. ಬಕೆಟ್-ಚೊಂಬಿನ ಸ್ನಾನದಲ್ಲಿ ಕೂರುವ ಪ್ಲಾಸ್ಟಿಕ್ ಸ್ಟೂಲು ಅಭ್ಯಾಸಕ್ಕೋ ಅನಿವಾರ್ಯಕ್ಕೋ ಎಂಬುದನ್ನೂ ಯೋಚಿಸಿ. ಕೂರದಿದ್ದರೆ ಸ್ನಾನವೇ ಆಗದು ಎಂದಾದರೆ ಅದು ಸಾಧನ, 2 ಅಂಕ.

ಅಂಕಕ್ಕಾಗಿ ಸಾಧನ ಖರೀದಿಸಬೇಡಿ. ಅಡುಗೆಮನೆಗೊಂದು ಎತ್ತರದ ಸ್ಟೂಲು, ಬಚ್ಚಲಿಗೆ ಗೋಡೆಗೆ ಅಂಟಿಸುವ ಹಿಡಿಕೆ ಎಂದು ಆನ್‌ಲೈನಿನಲ್ಲಿ ತರಿಸಿದರೆ ಕಿಸೆ ಖಾಲಿ. ಸಾಧನ ಮನೆಯಲ್ಲಿ ಇರಲೇಬೇಕೆಂದಿಲ್ಲ, ಬಳಸುವುದು ಅಗತ್ಯ ಎನ್ನುವಂತಿದ್ದರೆ ಸಾಕು. ಆ ಅಂಟಿನ ಹಿಡಿಕೆಯಂತೂ ಒದ್ದೆ ಟೈಲಿನ ಮೇಲೆ ಕಿತ್ತುಬಂದು ಬೀಳಿಸುವ ಸರಕು.

ಹೆಜ್ಜೆ 4: ಓಡಾಟದ ಅಂಕ

ಎರಡೇ ಚಟುವಟಿಕೆ. ನಡಿಗೆಯಲ್ಲಿ ಮೀಟರ್ ಲೆಕ್ಕ. 200 ಮೀಟರ್ ಮೀರಿ ನಡೆಯಬಲ್ಲವರಿಗೆ 0, 50ರಿಂದ 200ಕ್ಕೆ 4. 20ರಿಂದ 50ರವರೆಗೆ ಸಾಧನವಿಲ್ಲದೆ ನಡೆದರೆ 8, ಕೋಲೋ ವಾಕರೋ ಹಿಡಿದರೆ 10. 20 ಮೀಟರ್ ದಾಟಲಾಗದಿದ್ದರೆ 12. ಅಂದರೆ ಕೋಲಿನಿಂದ ಅಂಕ ಏರಿದರೂ ದರ ಸ್ಟ್ಯಾಂಡರ್ಡೇ, ಎನ್‌ಹಾನ್ಸ್ಡ್ ದರದ ಗೆರೆ 20 ಮೀಟರಿಗೆ ಬಿದ್ದಿದೆ. 20 ಮೀಟರ್ ಎಷ್ಟು? ಕ್ರಿಕೆಟ್ ಪಿಚ್ಚಿನ ಈ ವಿಕೆಟ್‌ನಿಂದ ಆ ವಿಕೆಟ್‌ವರೆಗೆ 22 ಗಜ, ಎಂದರೆ 20.12 ಮೀಟರ್. ಕಣ್ಣಂದಾಜಿನಲ್ಲಿ ‘ಒಂದು ನೂರು ಮೀಟರ್ ನಡೀತಾರೆ’ ಎಂದು ಬರೆದು ಕೆಟ್ಟವರು ಬಹಳ. ಮನೆಮುಂದಿನ ಫುಟ್‌ಪಾತಿನಲ್ಲಿ ಟೇಪು ಹಿಡಿದು ಅಳೆಯಿರಿ, ನಿಲ್ಲುವ ಜಾಗ, ಹಿಡಿದ ಸಮಯ, ಆಮೇಲೆ ಎಷ್ಟು ಹೊತ್ತು ಕೂತರು ಎಂಬುದನ್ನೂ ಬರೆಯಿರಿ. ಒಮ್ಮೆ 50 ಮೀಟರ್ ನಡೆದು ಮಿಕ್ಕ ದಿನವೆಲ್ಲ ಹಾಸಿಗೆ ಹಿಡಿದರೆ ಅದು ನಡೆದಂತಲ್ಲ, ಎಷ್ಟು ಸಲ ಬೇಕೋ ಅಷ್ಟು ಸಲ ಆಗಲಿಲ್ಲವಲ್ಲ. ಗಾಲಿಕುರ್ಚಿಯಲ್ಲಿ ಹೋದ ದೂರ ಇಲ್ಲಿ ಎಣಿಕೆಗಿಲ್ಲ.

ಇನ್ನೊಂದು, ದಾರಿ ಗೊತ್ತುಮಾಡಿಕೊಂಡು ಹೋಗುವುದು. ದೃಷ್ಟಿದೋಷ, ಬುದ್ಧಿಮಾಂದ್ಯ, ತೀವ್ರ ಭಯ ಇರುವವರಿಗೆ ಇದೇ ಮುಖ್ಯ. ಹೊಸ ಜಾಗಕ್ಕೆ ಒಬ್ಬರು ಜೊತೆಯಿಲ್ಲದೆ ಹೋಗಲಾಗದು ಎಂದರೆ 10, ಪರಿಚಯದ ದಾರಿಗೂ ಜೊತೆ ಬೇಕೇಬೇಕು ಎಂದರೆ 12. ಈ ಎರಡು ಚಟುವಟಿಕೆಗಳ ಅಂಕವನ್ನು ಕೂಡಿಸಬಹುದು.

ಹೆಜ್ಜೆ 5: ಕೂಡಿಸಿ

ಸಂಧಿವಾತವಿರುವ 54ರ ಮಹಿಳೆಯೊಬ್ಬರ ಲೆಕ್ಕ ಎಂದಿಟ್ಟುಕೊಳ್ಳಿ. ಅಡುಗೆಗೆ ಇನ್ನೊಬ್ಬರ ಕೈ ಬೇಕು 4, ಮಾತ್ರೆ ಡಬ್ಬಿ ತೆರೆದುಕೊಡಬೇಕು 1, ಟಬ್ಬಿಗೆ ಇಳಿಯಲು ಹಿಡಿಯಬೇಕು 3, ಕಮೋಡಿಗೆ ಎತ್ತರಿಸಿದ ಸೀಟು 2, ಸೊಂಟದ ಕೆಳಗಿನ ಬಟ್ಟೆ ತೊಡಿಸಬೇಕು 2. ಒಟ್ಟು 12, ವಾರಕ್ಕೆ 110.40. ವಾರದಲ್ಲಿ 4 ದಿನ ಕೋಲು ಹಿಡಿದು 30 ಮೀಟರ್, ಮಿಕ್ಕ 3 ದಿನ 60. ನಾಲ್ಕು ದಿನದ್ದೇ ಗೆಲ್ಲುತ್ತದೆ, 10 ಅಂಕ, 29.20. ಕೂಡಿದರೆ ವಾರಕ್ಕೆ 139.60, 4 ವಾರಕ್ಕೆ 558.40 ಪೌಂಡ್.

ಇವರೇ ಅಡುಗೆಯ ಪ್ರಶ್ನೆಗೆ ‘ಹಗುರದ ಪಾತ್ರೆಯಿದ್ದರೆ ಹೇಗೋ ಆಗುತ್ತೆ’ ಎಂದು ಬರೆದರೆ 4 ಇದ್ದದ್ದು 2 ಆಗುತ್ತದೆ. ಒಟ್ಟು 10, ದರ 73.90. ಒಂದು ವಾಕ್ಯಕ್ಕೆ ವಾರಕ್ಕೆ 36.50, ವರ್ಷಕ್ಕೆ 1,898 ಪೌಂಡ್ ಖೋತಾ.

ಅಂದಾಜು ಅಂಚಿನಲ್ಲಿದ್ದರೆ, ಅಂದರೆ 8 ಅಥವಾ 12ಕ್ಕೆ ಸರಿಯಾಗಿ ಬಂದು ನಿಂತಿದ್ದರೆ, ಅಳ್ಳಕವಾಗಿರುವ ಒಂದು ಉತ್ತರ ತೆಗೆದು ಮತ್ತೆ ಕೂಡಿಸಿ. ಕೆಳಗಿನ ಮೊತ್ತವನ್ನೇ ನಂಬಿ ಮನೆ ಬಜೆಟ್ ಹಾಕಿ. ಕನಿಷ್ಠ ಒಂದು ಚಟುವಟಿಕೆಯಲ್ಲಿ 4 ಅಂಕ ಬರಲೇಬೇಕು ಎಂಬ ಪ್ರಸ್ತಾವದ ಸುದ್ದಿ ಕೇಳಿ ಕಂಗೆಡಬೇಡಿ, ಅದನ್ನು 2025ರ ಜುಲೈಯಲ್ಲಿ ಮಸೂದೆಯಿಂದ ಕೈಬಿಟ್ಟರು.

ಆನ್‌ಲೈನ್ ಬೆನಿಫಿಟ್ ಕ್ಯಾಲ್ಕುಲೇಟರುಗಳು ಈ ಕೆಲಸಕ್ಕೆ ಬಾರವು. ಅವು ಪಿಪ್ ಎಷ್ಟು ಬರುತ್ತಿದೆ ಎಂದು ನಿಮ್ಮನ್ನೇ ಕೇಳಿ, ಅದರ ಮೇಲೆ ಯೂನಿವರ್ಸಲ್ ಕ್ರೆಡಿಟ್ ಮುಂತಾದ ಬೇರೆ ಸರಕಾರಿ ನೆರವು ಎಷ್ಟೆಂದು ಹೇಳುತ್ತವೆ. ಬಂದ ಹಣದಲ್ಲಿ ಪಾಲು ಕೇಳುವ ಫಾರಂ ತುಂಬಿಸುವವರ ಸಹವಾಸ ಬೇಡ. ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆಯಲ್ಲಿ ಅದೇ ಸಹಾಯ ಪುಕ್ಕಟೆ.

ಡೇಲಿ ಲಿವಿಂಗ್ ಯಾವ ದರದಲ್ಲಿ ಸಿಕ್ಕರೂ, ವಾರಕ್ಕೆ 35 ಗಂಟೆ ನೋಡಿಕೊಳ್ಳುವವರು ಕೇರರ್ಸ್ ಅಲೋವೆನ್ಸ್ ಕೇಳಬಹುದು (2025–26ರಲ್ಲಿ ವಾರಕ್ಕೆ 83.30 ಪೌಂಡ್, ಅವರ ಗಳಿಕೆಗೆ ಮಿತಿಯಿದೆ). ಮೊಬಿಲಿಟಿ ಎನ್‌ಹಾನ್ಸ್ಡ್ ಸಿಕ್ಕರೆ ಆ ಹಣದ ಬದಲು ಮೋಟಬಿಲಿಟಿ ಯೋಜನೆಯಲ್ಲಿ ಕಾರು ಪಡೆಯುವ ದಾರಿಯೂ ತೆರೆಯುತ್ತದೆ.

ಹೆಜ್ಜೆ 6: ಫೋನು, ಫಾರಂ, ಮಾತುಕತೆ

ಹಣ ಲೆಕ್ಕಕ್ಕೆ ಬರುವುದು ನೀವು ಪಿಪ್ ಬೇಕೆಂದು ಸರಕಾರಕ್ಕೆ ಫೋನು ಮಾಡಿದ ದಿನದಿಂದ. ಡೈರಿ ಮುಗಿಯಲಿ ಎಂದು ಕಾಯದೆ ಮೊದಲು ಫೋನು ಮಾಡಿ. ಫಾರಂ ವಾಪಸು ಕಳಿಸಲು ಒಂದು ತಿಂಗಳಿದೆ, ಡೈರಿಗೆ ಆ ಸಮಯ ಸಾಕು. ಫಾರಂನ ಪ್ರತಿ ಪುಟದ ಫೋಟೊ ತೆಗೆದಿಡಿ. ನಿಮ್ಮ ತೊಂದರೆ ಅಳೆಯುವ ತಜ್ಞರೊಂದಿಗಿನ ಮಾತುಕತೆಗೆ ದುಭಾಷಿ ಬೇಕಿದ್ದರೆ ಮೊದಲೇ ಕೇಳಿ. ಮಗನೋ ಸೊಸೆಯೋ ಅನುವಾದಿಸಿದರೆ ಶೌಚದ ಪ್ರಶ್ನೆಗೆ ಉತ್ತರ ಗಂಟಲಲ್ಲೇ ನಿಲ್ಲುತ್ತದೆ. ‘ಹೇಗಿದ್ದೀರಿ?’ ಎಂದು ಅವರು ಶುರುಮಾಡಿದಾಗ ಬಾಯಿಗೆ ಬರುವ ‘ಪರವಾಗಿಲ್ಲ’ವನ್ನು ನುಂಗಿ, ಇವತ್ತು ಬೆಳಗ್ಗೆ ಏನೇನು ಆಗಲಿಲ್ಲ ಎಂಬಲ್ಲಿಂದ ಹೇಳಿ.

ತೀರ್ಮಾನದ ಪತ್ರ ಬಂದಾಗ ಅವರು ಕೊಟ್ಟ ಅಂಕವನ್ನು ನಿಮ್ಮ ಕ್ಯಾಲೆಂಡರ್ ಹಾಳೆಯ ಪಕ್ಕ ಇಟ್ಟು ಸಾಲು ಸಾಲಾಗಿ ನೋಡಿ. ವ್ಯತ್ಯಾಸವಿರುವ ಚಟುವಟಿಕೆಗಳನ್ನಷ್ಟೇ ಹೆಸರಿಸಿ, ಪತ್ರದ ಮೇಲಿನ ತಾರೀಖಿನಿಂದ ಒಂದು ತಿಂಗಳೊಳಗೆ ಮ್ಯಾಂಡೇಟರಿ ರೀಕನ್ಸಿಡರೇಷನ್ (ತೀರ್ಮಾನದ ಮರುಪರಿಶೀಲನೆ) ಕೇಳಿ. ಅಲ್ಲೂ ಆಗದಿದ್ದರೆ ಮುಂದಿನದು ಟ್ರಿಬ್ಯುನಲ್, ಅದಕ್ಕೆ ಶುಲ್ಕವಿಲ್ಲ.